ರೈಫಲ್‌ಗೆ ದುಡ್ಡು ಹಾಕುವುದು ಎಲ್ಲಿ, ಉಳಿಸುವುದು ಎಲ್ಲಿ?

ಪ್ರಶ್ನೆ: ನಮಸ್ತೆ ಸಾರ್. ನಾನು ಉಡುಪಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ವಯಸ್ಸು 41. ಕಾಲೇಜಲ್ಲಿ ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ಹೊಡೆದದ್ದು ಬಿಟ್ರೆ ಬೇರೆ ಅನುಭವ ಇಲ್ಲ. ಈಗ ಯೂಟ್ಯೂಬಲ್ಲಿ ಅಮೆರಿಕದವರು ಬ್ಯಾರಲ್ ಒಂದು ಕಡೆಯಿಂದ, ಟ್ರಿಗರ್ ಇನ್ನೊಂದು ಕಡೆಯಿಂದ ತರಿಸಿ ಮನೆಯಲ್ಲೇ ರೈಫಲ್ ಜೋಡಿಸುವುದು ನೋಡಿ ನೋಡಿ ನನಗೂ ಹುಚ್ಚು ಹಿಡಿದಿದೆ. ಬೇಟೆ ಗೀಟೆ ಎಂತದೂ ಇಲ್ಲ, ಮನೆ ಹಿಂದೆ ಜಾಗ ಉಂಟು, ಕಾಗದದ ಟಾರ್ಗೆಟ್‌ಗೆ ಹೊಡೆಯುವ ಖುಷಿ ಅಷ್ಟೆ. ಬಜೆಟ್ 40 ಸಾವಿರ, ಮನೆಯವಳಿಗೆ ಹೇಳಿದ್ದು 25. ಯಾವ ಪಾರ್ಟ್ ಒಳ್ಳೆಯದೇ ಬೇಕು, ಯಾವುದರಲ್ಲಿ ಉಳಿಸಬಹುದು?

ಉತ್ತರ: ಆ 25ರ ವಿಷಯಕ್ಕೆ ನಾನು ಬರುವುದಿಲ್ಲ ಮಾರಾಯ್ರೆ, ಈ ಪತ್ರಿಕೆಯನ್ನು ಅವರೂ ಓದುತ್ತಾರೋ ಏನೋ.

ಮೊದಲು ಆ ಯೂಟ್ಯೂಬ್ ವಿಷಯ. ಅಮೆರಿಕದಲ್ಲಿ ಎಆರ್-15 ತರದ ರೈಫಲ್‌ನಲ್ಲಿ ಲೋವರ್ ರಿಸೀವರ್ ಅಂತ, ಟ್ರಿಗರ್ ಕೂರುವ ಕೆಳಗಿನ ಚೌಕಟ್ಟು, ಒಂದು ಭಾಗ ಇರ್ತದೆ, ಅಲ್ಲಿನ ಕಾನೂನು ಅದನ್ನೇ ಬಂದೂಕು ಅಂತ ಲೆಕ್ಕ ಹಾಕುವುದು, ಬ್ಯಾರಲ್, ಟ್ರಿಗರ್, ಸ್ಟಾಕ್ (ಭುಜಕ್ಕೆ ಕೊಡುವ ಹಿಡಿ) ಎಲ್ಲ ಪಾರ್ಸೆಲ್‌ನಲ್ಲೇ ಬರ್ತದೆ. ನಮ್ಮಲ್ಲಿ ಹಾಗಿಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧ ಅಂದ್ರೆ ಅದರ ಬಿಡಿಭಾಗಗಳೂ ಸೇರಿಯೇ, ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು, ಬದಲಾಯಿಸುವುದು ಅಪರಾಧ. ಸುಳ್ಯ, ಬೆಳ್ತಂಗಡಿ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಕೋವಿಯನ್ನೇ ಪ್ರತಿ ಎಲೆಕ್ಷನ್‌ಗೆ ಠಾಣೆಯಲ್ಲಿ ಡಿಪಾಸಿಟ್ ಮಾಡಿ ರೈತರು ಬೈದುಕೊಳ್ಳುವುದನ್ನು ನೀವೂ ಕೇಳಿರಬಹುದು. ಹಾಗಾಗಿ ಜೋಡಿಸುವ ಕನಸು ಬಿಡಿ.

ಕಾಗದಕ್ಕೆ ಹೊಡೆಯಲಿಕ್ಕೆ ಏರ್ ರೈಫಲ್ ಸಾಕು, ಮದ್ದಿಲ್ಲದೆ ಗಾಳಿಯ ಒತ್ತಡದಿಂದಲೇ ಸೀಸದ ಸಣ್ಣ ಗುಂಡು, ಅಂದ್ರೆ ಪೆಲೆಟ್, ಹಾರಿಸುವಂಥದ್ದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಎಂಎಂ ಬೋರಿನ (ಬ್ಯಾರಲ್‌ನ ಒಳಅಗಲ), 20 ಜೂಲ್ (ಪೆಲೆಟ್‌ನ ಹೊಡೆತದ ಶಕ್ತಿಯ ಅಳತೆ) ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಐಡಿ ಪ್ರೂಫ್ ಕೊಟ್ಟು ಬಿಲ್ ಸಮೇತ ತಗೊಳ್ಳಿ, ಬಿಲ್ ಜೋಪಾನ ಮಾಡಿ. ಆಮೇಲೆ ಯಾರೋ ಹೇಳಿದ್ರು ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿ ಪವರ್ ಏರಿಸಲಿಕ್ಕೆ ಹೋಗ್ಬೇಡಿ, 20 ಜೂಲ್ ದಾಟಿದ್ರೆ ಕತೆಯೇ ಬೇರೆ ಆಗ್ತದೆ.

ಈಗ ದುಡ್ಡಿನ ಮಾತು. ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಸ್ಪೀಡ್ ನೋಡಿ ಮರುಳಾಗ್ಬೇಡಿ. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಹೊಡೆಯುವವರ ವಾಲ್ಥರ್, ಫೈನ್‌ವೆರ್ಕ್‌ಬಾವ್ ರೈಫಲ್‌ಗಳು ಲಕ್ಷಗಟ್ಟಲೆ ಬೆಲೆಯವು, ಅವುಗಳ ಪೆಲೆಟ್ ಹೋಗುವುದು ಸೆಕೆಂಡಿಗೆ ಹೆಚ್ಚುಕಮ್ಮಿ 170 ಮೀಟರ್, ಅಂದ್ರೆ ಏಳೂವರೆ ಜೂಲ್ ಅಷ್ಟೆ! ಅಂಗಡಿಯ ಮೂಲೆಯಲ್ಲಿ ಒರಗಿಸಿಟ್ಟ ಅಗ್ಗದ ರೈಫಲ್‌ನ ಪವರ್ ಅದಕ್ಕಿಂತ ಜಾಸ್ತಿ ಇರಬಹುದು. ಆದ್ರೆ ಆ ಕಡಿಮೆ ಪವರಿನದ್ದೇ ಟಾರ್ಗೆಟ್ ನಡುವಿನ ಅರ್ಧ ಮಿಲಿಮೀಟರ್ ಅಗಲದ ಹತ್ತು ಅಂಕದ ಚುಕ್ಕಿಗೆ ಮತ್ತೆ ಮತ್ತೆ ಹೊಡೀತದೆ. ಬೆಲೆ ಇರುವುದು ಬ್ಯಾರಲ್‌ಗೆ ಮತ್ತು ಟ್ರಿಗರ್‌ಗೆ.

ಏರ್ ರೈಫಲ್‌ನಲ್ಲಿ ಇವೆರಡೂ ರೈಫಲ್ ಜೊತೆಗೇ ಬರುವುದರಿಂದ ಆಮೇಲೆ ನೋಡುವಾ ಅಂತ ಬಿಡುವ ಹಾಗಿಲ್ಲ, ಹಾಗಾಗಿ ನಿಮ್ಮ 40ರಲ್ಲಿ ದೊಡ್ಡ ಪಾಲು ಇಲ್ಲೇ ಹಾಕಿ. ಪ್ರಿಸಿಹೋಲ್ ತರದ ನಮ್ಮ ದೇಶದ ಕಂಪೆನಿಗಳದ್ದೇ ಒಳ್ಳೆಯ ಬ್ಯಾರಲ್ ಸಿಗ್ತದೆ, ಆಮದಿನದ್ದೇ ಬೇಕು ಅಂತ ಹಟ ಬೇಡ. ಅಂಗಡಿಯಲ್ಲಿ ಟ್ರಿಗರ್ ಎಳೆದು ನೋಡ್ತೇನೆ ಅಂತ ಹೇಳಿ, ಆದ್ರೆ ಸ್ಪ್ರಿಂಗ್ ರೈಫಲ್‌ನಲ್ಲಿ (ಸ್ಪ್ರಿಂಗ್ ಪಿಸ್ಟನನ್ನು ದೂಡಿ ಗಾಳಿ ಒತ್ತುವಂಥದ್ದು) ಪೆಲೆಟ್ ಇಲ್ಲದೆ ಖಾಲಿ ಹೊಡೆದ್ರೆ ಪಿಸ್ಟನ್ ಸೀಲ್ ಹಾಳು, ಅವರಿಗೇ ಪೆಲೆಟ್ ಹಾಕಿ ಕೊಡ್ಲಿಕ್ಕೆ ಹೇಳಿ. ಎಳೆಯುವಾಗ ಮೊದಲು ಸ್ವಲ್ಪ ಸಡಿಲ ಬಂದು, ಒಂದು ಕಡೆ ನಿಂತು, ಆಮೇಲೆ ಗೊತ್ತೇ ಆಗದ ಹಾಗೆ ಬಿಡಬೇಕು. ಮರಳಿನಲ್ಲಿ ಎಳೆದ ಹಾಗೆ ಗರಗರ ಅಂದ್ರೆ ವಾಪಸ್ ಕೊಡಿ.

ಎರಡನೆಯದು ಪೆಲೆಟ್. ಜನ ರೈಫಲ್‌ಗೆ ಮೂವತ್ತು ಸಾವಿರ ಕೊಟ್ಟು ಪೆಲೆಟ್‌ಗೆ ನೂರು ರೂಪಾಯಿ ಲೆಕ್ಕ ಮಾಡ್ತಾರೆ, ಅದು ಯಾವ ಲೆಕ್ಕ ಅಂತ ನನಗೆ ಅರ್ಥ ಆಗುವುದಿಲ್ಲ. ತಲೆ ಚಪ್ಪಟೆ ಇರುವ ವ್ಯಾಡ್‌ಕಟರ್ ತಗೊಳ್ಳಿ, ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡಗೆ ತೂತು ಬೀಳ್ತದೆ, ಎಣಿಸಲಿಕ್ಕೆ ಸುಲಭ. ಆರ್‌ಡಬ್ಲ್ಯೂಎಸ್, ಎಚ್ ಆಂಡ್ ಎನ್, ಜೆಎಸ್‌ಬಿ ಅಂತ ಬೇರೆ ಬೇರೆ ಉಂಟು, ಮ್ಯಾಚ್ ಪೆಲೆಟ್ ಸಾಧಾರಣ 0.53 ಗ್ರಾಂ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಿದ್ರೆ ಪ್ರಯೋಜನ ಇಲ್ಲ, ನಿಮ್ಮ ಬ್ಯಾರಲನ್ನೇ ಕೇಳಬೇಕು. ಎರಡು ಮೂರು ಬ್ರ್ಯಾಂಡಿನ ಒಂದೊಂದು ಡಬ್ಬ ತಗೊಂಡು, ಹತ್ತು ಮೀಟರ್ ದೂರದಲ್ಲಿ ಕಾರ್ಡ್ ಇಟ್ಟು, ಮುಂದಿನ ಕೈ ಅಡಿಗೆ ಮೆತ್ತಗಿನ ದಿಂಬು ಇಟ್ಟುಕೊಂಡು ರೈಫಲನ್ನು ಬಿಗಿಯಾಗಿ ಹಿಡಿಯದೆ ಒಂದೊಂದರಿಂದ ಐದೈದು ಹೊಡೆಯಿರಿ. ಅತಿ ದೂರ ಬಿದ್ದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಎಂಎಂ ಕಳೆಯಿರಿ, ಬಂದದ್ದು ನಿಮ್ಮ ಗ್ರೂಪ್, ಸಣ್ಣ ಆದಷ್ಟು ಒಳ್ಳೆಯದು. ಒಂದು ಡಬ್ಬದ್ದು ಐದೂ ತೂತು ಒಂದಕ್ಕೊಂದು ಕಚ್ಚಿಕೊಂಡು ಹೂವಿನ ಹಾಗೆ ಬಿದ್ದಿರ್ತದೆ, ಇನ್ನೊಂದರದ್ದು ನಾಲ್ಕು ಒಟ್ಟಿಗೆ ಇದ್ದು ಒಂದು ಮಾತ್ರ ಎಲ್ಲೋ. ಅದು ನಿಮ್ಮ ಕೈಯ ತಪ್ಪೋ ಪೆಲೆಟ್ಟಿನದ್ದೋ ತಿಳೀಬೇಕಾದ್ರೆ ಇನ್ನೊಂದು ಸುತ್ತು ಹೊಡೀಬೇಕು. ಗೆದ್ದ ಡಬ್ಬದ್ದೇ ಆಮೇಲೆ ಜಾಸ್ತಿ ತಗೊಳ್ಳಿ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲಿ ಗೋಳಿಬಜೆ ತಿನ್ಬೇಡಿ.

ಉಳಿಸುವುದು ಎಲ್ಲಿ? ಸ್ಟಾಕಿನ ಚಂದದಲ್ಲಿ, ಬೈಪಾಡ್‌ನಲ್ಲಿ (ರೈಫಲ್ ನಿಲ್ಲಿಸುವ ಎರಡು ಕಾಲು), ಲೇಸರ್‌ನಲ್ಲಿ, ಕ್ಯಾಮೊ ಬ್ಯಾಗಿನಲ್ಲಿ. ಗುರಿ ನೋಡುವ ದುರ್ಬೀನು, ಅಂದ್ರೆ ಸ್ಕೋಪ್ ಮಾತ್ರ ಅಗ್ಗದ್ದು ಬೇಡವೇ ಬೇಡ, ಒಳ್ಳೆಯದಕ್ಕೆ ದುಡ್ಡಿಲ್ಲದಿದ್ರೆ ರೈಫಲ್ ಮೇಲಿರುವ ಓಪನ್ ಸೈಟ್‌ನಲ್ಲೇ ಆರು ತಿಂಗಳು ಹೊಡೆಯಿರಿ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಕೊನೆಗೆ ಬಡಿದ ಕೂಡಲೇ ಮುಂದಕ್ಕೂ ಜಗ್ತದೆ, ಬಂದೂಕಿಗೆ ಅಂತ ಮಾಡಿದ ಸ್ಕೋಪ್ ಈ ಎರಡು ಕಡೆಯ ಏಟು ತಡೆಯದೆ ಒಳಗಿನ ಕ್ರಾಸ್‌ಹೇರ್ (ಗುರಿಯ ಅಡ್ಡಗೆರೆ) ಕಳಚಿಕೊಳ್ಳುವುದುಂಟು. ಏರ್‌ಗನ್‌ಗೆ ಅಂತಲೇ ಮಾಡಿದ, ಹತ್ತು ಮೀಟರ್‌ಗೆ ಫೋಕಸ್ ಆಗುವ ಸ್ಕೋಪ್ ಆಗಬೇಕು. ಇವತ್ತು ಗ್ರೂಪ್ ಚೆನ್ನಾಗಿತ್ತು ನಾಳೆ ಚೆಲ್ಲಾಪಿಲ್ಲಿ ಅಂತಾದ್ರೆ ಹೊಸ ಪಾರ್ಟ್ ಹುಡುಕುವ ಮೊದಲು ಸ್ಟಾಕಿನ ಸ್ಕ್ರೂ ಟೈಟ್ ಉಂಟಾ ನೋಡಿ, ಆ ಕಂಪನಕ್ಕೆ ಅದು ಸಡಿಲ ಆಗಿಯೇ ಆಗ್ತದೆ, ಖರ್ಚು ಸೊನ್ನೆ.

ನಮ್ಮ ಊರಿಗೆ ಅಂತ ಇನ್ನೊಂದು ಖರ್ಚು ಉಂಟು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುವ ಜಾಗ ಇದು, ರೈಫಲನ್ನು ಫೋಮ್ ಇರುವ ಕೇಸಿನಲ್ಲಿ ಮುಚ್ಚಿಟ್ರೆ ಫೋಮ್ ನೀರು ಹೀರಿ ಬ್ಯಾರಲ್ ಮೇಲೆ ತುಕ್ಕು ಕೂರಿಸ್ತದೆ. ಹೊರಗಿನ ಲೋಹಕ್ಕೆ ತೆಳ್ಳಗೆ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಇಟ್ಟು, ಗಾಳಿ ಆಡುವಲ್ಲಿ ಬೀಗ ಹಾಕಿಡಿ. ಪಿಸ್ಟನ್ ಕಡೆ ಎಣ್ಣೆ ಬಿಡ್ಬೇಡಿ, ಗಾಳಿಯ ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು ಡಬ್ ಅಂತದೆ. ಮನೆ ಹಿಂದಿನ ಕೆಂಪುಕಲ್ಲಿನ ಗೋಡೆಗೆ ನೇರ ಹೊಡೀಬೇಡಿ, ಪೆಲೆಟ್ ವಾಪಸ್ ಬರ್ತದೆ. ಮರದ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಒತ್ತಿ ತುಂಬಿ, ಹಿಂದೆ ಕಬ್ಬಿಣದ ತಗಡು ಕೊಟ್ಟು ಟ್ರ್ಯಾಪ್ ಮಾಡಿ, ಕಣ್ಣಿಗೆ ಸೇಫ್ಟಿ ಗ್ಲಾಸ್. ಪೆಟ್ಟಿಗೆ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗ್ತದೆ, ಆಚೆ ಮನೆ ಇದ್ರೆ ಆ ಜಾಗ ಬೇಡ.

ಪ್ರಶ್ನೆ: ಅಡಿಕೆ, ತೆಂಗಿನ ತೋಟಕ್ಕೆ ಮಂಗಗಳ ಉಪದ್ರ ವಿಪರೀತ. ಇದಕ್ಕೆ ಯಾವ ಏರ್ ಗನ್ ಒಳ್ಳೆಯದು? — ಬಂಟ್ವಾಳದ ಕೃಷಿಕರು

ಉತ್ತರ: ಯಾವುದೂ ಅಲ್ಲ. ನಮ್ಮ ಕಡೆಯ ಮಂಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಳಗೆ ಬರ್ತದೆ, ಏರ್ ಗನ್ ಆದ್ರೂ ಕೇಸ್ ಕೇಸೇ. ಪೆಲೆಟ್ ತಾಗಿದ ಮಂಗ ಹೆಚ್ಚಾಗಿ ಕೂಡಲೇ ಸಾಯುವುದೂ ಇಲ್ಲ, ಗಾಯ ಕೀವಾಗಿ ನರಳ್ತದೆ. ಬೆಳೆ ನಷ್ಟಕ್ಕೆ ಪರಿಹಾರ ಸಿಗ್ತದಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಪರಿಹಾರ ಸಾಕಾಗುವುದಿಲ್ಲ ಅಂತ ನಿಮಗೆ ಸಿಟ್ಟು ಬಂದ್ರೆ ಅದು ನ್ಯಾಯವೇ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಶೂಟಿಂಗ್ ಕಲೀಲಿಕ್ಕೆ ಸೇರಿ ಎರಡು ತಿಂಗಳು. ಈಗಲೇ ಸ್ವಂತ ರೈಫಲ್, ಜಾಕೆಟ್, ಸ್ಕೋಪ್ ಎಲ್ಲ ತಗೊಳ್ಳಿ ಅಂತ ಪರಿಚಯದವರು ಹೇಳ್ತಾರೆ. — ಸುರತ್ಕಲ್‌ನಿಂದ ಒಬ್ಬರು ಅಮ್ಮ

ಉತ್ತರ: ಸ್ಕೋಪ್ ಅಂದವರ ಮಾತು ಅಲ್ಲಿಗೇ ಬಿಡಿ ಅಮ್ಮ, 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪೇ ಇಲ್ಲ, ಸಣ್ಣ ತೂತಿನ ಪೀಪ್ ಸೈಟ್‌ನಲ್ಲೇ ಹೊಡೆಯುವುದು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದೂ ಹಾಗೆಯೇ. ಸದ್ಯಕ್ಕೆ ಕ್ಲಬ್ಬಿನ ರೈಫಲ್ ಸಾಕು. ಜಾಕೆಟ್ ಮೈಗೆ ಸರಿಯಾಗಿ ಕೂರಬೇಕು, ಬೆಳೆಯುವ ಹುಡುಗಿಗೆ ಈಗ ಹೊಲಿಸಿದ್ದು ಮುಂದಿನ ವರ್ಷ ಬಿಗಿ ಆಗ್ತದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ನಾಚಿಕೆ ಬೇಡ. ಈಗ ಕೊಡುವುದಾದ್ರೆ ಒಂದು ಗ್ಲೌಸ್, ಒಳ್ಳೆಯ ಪೆಲೆಟ್. ಮುಂದೆ ರೈಫಲ್ ತಗೊಳ್ಳುವಾಗ ಭುಜಕ್ಕೆ ಒರಗುವ ಬಟ್ ಪ್ಲೇಟ್ ಮತ್ತು ಕೆನ್ನೆ ಇಡುವ ಭಾಗ ಎರಡೂ ಅಡ್ಜಸ್ಟ್ ಆಗುವಂಥದ್ದೇ ನೋಡಿ, ಅವಳ ಕೈ ಉದ್ದ ಆದ ಹಾಗೆ ಸರಿಸಬಹುದು.

ಪ್ರಶ್ನೆ: ಬೆಂಗಳೂರಿನ ಒಬ್ಬರು ಹಳೇ ಜರ್ಮನ್ ಪಿಸಿಪಿ (ಮೊದಲೇ ಸಿಲಿಂಡರಿಗೆ ತುಂಬಿಟ್ಟ ಗಾಳಿಯಿಂದ ಹೊಡೆಯುವ) ಮ್ಯಾಚ್ ರೈಫಲ್ ಅರ್ಧ ರೇಟಿಗೆ ಕೊಡ್ತಾರಂತೆ. ತಗೊಳ್ಳಬಹುದಾ? — ಕುಂದಾಪುರ

ಉತ್ತರ: ಬ್ಯಾರಲ್ ಬೇಗ ಸವೆಯುವುದಿಲ್ಲ, ಹಳೆಯದು ಅಂತ ಹೆದರಬೇಡಿ. ನೋಡಬೇಕಾದ್ದು ಗಾಳಿ ತುಂಬುವ ಸಿಲಿಂಡರ್. 200 ಬಾರ್ ಒತ್ತಡ ತಡೆಯುವ ವಸ್ತು, ಮೇಲೆ ತಾರೀಕು ಕೊರೆದಿರ್ತದೆ, ಕಂಪೆನಿಗಳು ಸಾಮಾನ್ಯವಾಗಿ 10 ವರ್ಷ ಅಂತಾವೆ, ಅವಧಿ ಮೀರಿದ್ದನ್ನು ಸ್ಪರ್ಧೆಗೂ ಬಿಡುವುದಿಲ್ಲ. ಆ ತಾರೀಕಿನ ಫೋಟೋ ಕಳಿಸಲಿಕ್ಕೆ ಹೇಳಿ. ಗಾಳಿ ತುಂಬುವ ದಾರಿಯನ್ನೂ ಯೋಚಿಸಿ. ಕೈ ಪಂಪಿನಲ್ಲಿ ನಮ್ಮ ಕರಾವಳಿಯ ಗಾಳಿಯ ಜೊತೆ ನೀರೂ ಒಳಗೆ ಹೋಗ್ತದೆ, ತೇವ ಹೀರುವ ಫಿಲ್ಟರ್ ಇಲ್ಲದೆ ಪಂಪ್ ತಗೊಳ್ಳಬೇಡಿ. ನೇತ್ರಾಣಿಯಲ್ಲಿ ಡೈವಿಂಗ್ ಮಾಡಿಸುವವರ ಹತ್ತಿರ ಇರುವಂಥ ಒಣಗಾಳಿಯ ಸಿಲಿಂಡರಿಂದ ತುಂಬಿಸುವ ವ್ಯವಸ್ಥೆ ಆದ್ರೆ ಬಹಳ ಒಳ್ಳೆಯದು. ಆಕ್ಸಿಜನ್ ಸಿಲಿಂಡರ್ ಹತ್ತಿರಕ್ಕೂ ಒಯ್ಯಬೇಡಿ, ಸ್ಫೋಟ ಆಗ್ತದೆ. ತಾರೀಕು ಮುಗಿದಿದ್ರೆ ಹೊಸ ಸಿಲಿಂಡರಿನ ಬೆಲೆ ವಿಚಾರಿಸಿ, ಅಷ್ಟನ್ನು ಕಳೆದೇ ರೇಟ್ ಮಾತಾಡಿ.