ಹೆಪಟೈಟಿಸ್ ಡೆಲ್ಟಾ (ಡಿ) ವೈರಸ್‌ಗೆ ಬೇರೆ ಲಸಿಕೆ ಬೇಕೇ?

ವಿರಾಜಪೇಟೆ ಕಡೆಯ ಹಾಡಿಯೊಂದರ ಆಶಾ ಕಾರ್ಯಕರ್ತೆ ಕೇಳಿದ್ದಾರೆ: ಹೆಪಟೈಟಿಸ್ ಬಿ ಲಸಿಕೆ ಪಡೆದ ಮಗುವಿಗೆ ಯಕೃತ್ತಿನ ಇನ್ನೊಂದು ವೈರಸ್ ಡೆಲ್ಟಾ ತಗಲುತ್ತದೆಯೇ?

ಲಸಿಕೆ ಫಲಿಸಿದ್ದರೆ ತಗಲುವುದಿಲ್ಲ. ಬೇರೆ ಲಸಿಕೆಯೂ ಇಲ್ಲ, ಬೇಕಾಗಿಯೂ ಇಲ್ಲ. ಡೆಲ್ಟಾ ಪರಾವಲಂಬಿ, ಬಿ ವೈರಸ್‌ನ ಹೊರಕವಚವನ್ನು ಎರವಲು ಪಡೆಯದೆ ಅದು ಹರಡಲಾರದು. ಆದರೆ ಎರಡೂ ಕೂಡಿದರೆ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. 1979ರಿಂದ 1981ರ ನಡುವೆ ವೆನೆಜುವೆಲಾದ ಯುಕ್ಪಾ ಬುಡಕಟ್ಟಿನಲ್ಲಿ ಇದರಿಂದ 34 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು ಮತ್ತು ಯುವಜನರು.

ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಚುಚ್ಚುಮದ್ದೇ ಮುಖ್ಯ. ಹೆರಿಗೆಯ ವೇಳೆ ತಾಯಿಯಿಂದ ಬಿ ತಗಲಿದ 10 ಶಿಶುಗಳಲ್ಲಿ ಸುಮಾರು 9ರಲ್ಲಿ ಅದು ಬೇರೂರಿಬಿಡುತ್ತದೆ. ಹೆರಿಗೆ ಹಾಡಿಯಲ್ಲೋ ತೋಟದ ಲೈನ್‌ಮನೆಯಲ್ಲೋ ಆದಾಗ ತಪ್ಪಿಹೋಗುವುದು ಇದೇ. ತಾಯಿ ಕಾರ್ಡ್‌ನಲ್ಲಿ ಬಿಸಿಜಿಯ ಆಸುಪಾಸಿನ ಈ ಚುಚ್ಚುಮದ್ದಿನ ಅಂಕಣ ಖಾಲಿಯಿದ್ದರೆ 6, 10, 14ನೇ ವಾರದ, ಬಿ ಲಸಿಕೆಯೂ ಸೇರಿರುವ ಪೆಂಟಾವೇಲೆಂಟ್ ಅನ್ನಾದರೂ ಬಿಡಬೇಡಿ.