ಎದೆಬಡಿತಕ್ಕೆ ಹೆದರಿ ವಿಮಾನ ಹತ್ತದವರಿಗೆ

ಪ್ರಶ್ನೆ: ನನಗೆ 52 ವರ್ಷ. ಗದಗ-ಬೆಟಗೇರಿಯಲ್ಲಿ ನಮ್ಮದು ಸೀರೆ ಅಂಗಡಿ. ದೆಹಲಿಯಲ್ಲಿರುವ ಮಗಳಿಗೆ ಇದು ಚೊಚ್ಚಲ ಹೆರಿಗೆ. ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿಲ್ಲ, ನಾನೇ ಹೋಗಬೇಕು. ಮಗ ಹುಬ್ಬಳ್ಳಿಯಿಂದ ವಿಮಾನ ಹತ್ತಿಸುತ್ತೇನೆ ಎನ್ನುತ್ತಾನೆ. ವಿಮಾನ ಬಿದ್ದೀತೆಂಬ ಹೆದರಿಕೆ ನನಗಿಲ್ಲ. ಮೇಲೆ ಹೋದಾಗ ಎದೆ ಡವಗುಟ್ಟಿ, ಉಸಿರು ಕಟ್ಟಿ, ಕೈ ಜುಮುಗುಟ್ಟಿದರೆ ಏನು ಗತಿ? ಬಸ್ಸಾದರೆ ನಿಲ್ಲಿಸಿ ಇಳಿಯಬಹುದು. ಕಳೆದ ವರ್ಷ ಮದುವೆಯೊಂದರ ಗದ್ದಲದಲ್ಲಿ ಹೀಗಾಗಿ ಆಸ್ಪತ್ರೆಗೆ ಒಯ್ದಿದ್ದರು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲವೂ ಸರಿಯಿವೆ. ಆದರೂ ಹೊತ್ತುಹೊತ್ತಿಗೆ ನಾಡಿ ಹಿಡಿದು ನೋಡಿಕೊಳ್ಳುತ್ತೇನೆ. ನಿದ್ರೆಮಾತ್ರೆ ನುಂಗಿ ಹೋಗಲೇ?

ಉತ್ತರ: ಅಕ್ಕನವರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನಾಡಿ ಹಿಡಿಯುವ ಮಾತಿನ ಮೇಲೆ. ತೊಂದರೆಯ ಬೇರು ಅಲ್ಲಿದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸತೊಡಗಿದೊಡನೆ ಮನಸ್ಸಿಗೆ ಅನುಮಾನ ಹುಟ್ಟುತ್ತದೆ, ದೇಹ ಅಡ್ರಿನಲಿನ್ ಹರಿಸುತ್ತದೆ, ಬಡಿತ ಏರುತ್ತದೆ. ಏರಿತಲ್ಲ ಎಂದು ನೀವು ಇನ್ನಷ್ಟು ಹೆದರುತ್ತೀರಿ. ದೇಹದ ಸಹಜ ಬದಲಾವಣೆಯನ್ನು ಅನಾಹುತವೆಂದು ತಿಳಿಯುವುದರಿಂದಲೇ ಪ್ಯಾನಿಕ್, ಅಂದರೆ ದಿಢೀರನೆ ಉಕ್ಕುವ ತೀವ್ರ ಭಯ, ಹುಟ್ಟುತ್ತದೆ ಎಂದು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಈ ಸುತ್ತನ್ನೇ. ಹೆದರಿದಾಗ ಬೇಗ ಬೇಗ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮುಗುಟ್ಟುತ್ತವೆ, ತಲೆ ಹಗುರವೆನಿಸುತ್ತದೆ. ಉಸಿರು ಸಾಲದೆ ಹಾಗಾಗುವುದಲ್ಲ, ಅತಿಯಾಗಿ ಉಸಿರಾಡುವುದರಿಂದ ಆಗುವುದು.

ವಿಮಾನದಲ್ಲಿ ಏನೇನಾಗುತ್ತದೆ ಎಂಬುದನ್ನೂ ಮೊದಲೇ ತಿಳಿದಿರಿ. ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ಹೊಟ್ಟೆಯೊಳಗಿನ ವಾಯು ಹಿಗ್ಗಿ ಎದೆಯ ಕೆಳಗೆ ಬಿಗಿದಂತಾಗಬಹುದು. ಅಂದು ಮಿರ್ಚಿ ಭಜಿ ತಿನ್ನಬೇಡಿ, ಗದಗಿನವರಿಗೆ ಇದು ಕಷ್ಟದ ಮಾತೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗಿ, ಕೆಳಗೆ ಜಾರಿದಂತೆ ಹೊಟ್ಟೆ ಜುಂ ಎನ್ನುತ್ತದೆ. ಪೈಲಟ್ ಎಂಜಿನ್ನಿನ ಬಲವನ್ನು ತಗ್ಗಿಸಿರುತ್ತಾರೆ, ವಿಮಾನ ಏರುತ್ತಲೇ ಇರುತ್ತದೆ. ಒಳಗಿವಿಗೆ ತಿಳಿಯುವುದು ವೇಗದ ಬದಲಾವಣೆ ಮಾತ್ರ, ಎತ್ತರವಲ್ಲ. ಇಳಿಯುವಾಗ ಕಿವಿ ಕಟ್ಟಿದರೆ ಪೆಪ್ಪರಮೆಂಟು ಚೀಪಿ ಉಗುಳು ನುಂಗಿ.

ಇನ್ನು ನಿಮ್ಮ ಕೆಲಸ. ಯಾವ ಬಡಿತಕ್ಕೆ ಹೆದರುತ್ತೀರೋ ಅದನ್ನು ಬೇಕೆಂದೇ ಬರಿಸಿಕೊಳ್ಳಬೇಕು. ಅಂಗಡಿಯ ಬಾಗಿಲು ಹಾಕಿದ ಮೇಲೆ ನಿಂತಲ್ಲೇ ಒಂದು ನಿಮಿಷ ಓಡಿ. ಇನ್ನೊಮ್ಮೆ ಮೂಗು ಹಿಡಿದು, ಎಳನೀರು ಕುಡಿಯುವ ಸ್ಟ್ರಾದಿಂದ ಮಾತ್ರ ಒಂದು ನಿಮಿಷ ಉಸಿರಾಡಿ. ಮುಗಿದ ಮೇಲೆ ನಾಡಿ ಮುಟ್ಟಬೇಡಿ, ಯಾರನ್ನೂ ಕರೆಯಬೇಡಿ. ಕುಳಿತಲ್ಲೇ ಕುಳಿತು, ಬಡಿತ ತಾನಾಗಿ ಇಳಿಯುವುದನ್ನು ನೋಡಿ. ದಿನವೂ ಮಾಡಿ. ಚಿಕಿತ್ಸೆಯಲ್ಲಿ ನಾವು ಮಾಡಿಸುವುದೂ ಇದನ್ನೇ, ಮತ್ತು ಇದರಿಂದ ಜನ ಸುಧಾರಿಸುವುದನ್ನು ಕಂಡೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ವರದಿಗಳು ಸರಿಯಿದ್ದರೂ ಶುರುಮಾಡುವ ಮುನ್ನ ನಿಮ್ಮ ವೈದ್ಯರಿಗೊಮ್ಮೆ ತಿಳಿಸಿ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವ ಓದುಗರು ಅವರ ಒಪ್ಪಿಗೆಯಿಲ್ಲದೆ ಮಾಡಲೇಬಾರದು.

ನಿದ್ರೆಮಾತ್ರೆ ಬೇಡ. ಮಾತ್ರೆ ನುಂಗಿ ದೆಹಲಿ ಮುಟ್ಟಿದರೆ ಆ ಧೈರ್ಯ ಮಾತ್ರೆಯ ಖಾತೆಗೆ ಜಮೆಯಾಗುತ್ತದೆ, ಮರಳಿ ಬರುವಾಗ ಮತ್ತೆ ಬರಿಗೈ. ಒಬ್ಬರೇ ಅಭ್ಯಾಸ ಮಾಡಲು ಅಳುಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬನ್ನಿ, ನಿಮಗೇನು ದೂರವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ನಡುದಾರಿಯ ಪಕ್ಕದ ಸೀಟು ಕೇಳಿ. ಒಳಗೆ ಹೋಗುವಾಗಲೇ ಗಗನಸಖಿಗೆ ನಿಮ್ಮ ಅಂಜಿಕೆ ತಿಳಿಸಿ, ಇದರಲ್ಲಿ ನಾಚಿಕೆಯೇನೂ ಇಲ್ಲ. ಪ್ಯಾನಿಕ್ ಬಂದೇಬಂದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ತಡೆಯಲು ಹೋಗದೆ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಕುಳಿತಿರಿ. ಮಗಳ ಬಾಣಂತನಕ್ಕೆ ತಾಯಿ ಬೇಕೇ ಬೇಕು. ಅಭ್ಯಾಸಕ್ಕೆ ಕೆಲವು ವಾರ ಸಿಗುವಂತೆ ದಿನ ನೋಡಿ ಟಿಕೆಟ್ ತೆಗೆಸಲು ಮಗನಿಗೆ ಇಂದೇ ಹೇಳಿ.