ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಲಸೂರು ಕೆರೆಯೂ ಅದರ ದಡದ ಜನರೂ

ಪ್ರಶ್ನೆ: ಬೆಂಗಳೂರಿನ ಹಲಸೂರಿಗೆ ಹೋದರೆ ಕನ್ನಡದಷ್ಟೇ ತಮಿಳು, ತೆಲುಗು, ಉರ್ದು ಕಿವಿಗೆ ಬೀಳುತ್ತವೆ. ದೇವಸ್ಥಾನ, ಚರ್ಚು, ಗುರುದ್ವಾರ ಎಲ್ಲವೂ ಒಂದೇ ಕಡೆ ಇವೆ. ಇದು ಮೊದಲಿನಿಂದಲೂ ಹೀಗೆಯೇ ಇತ್ತೇ?
– ದಾವಣಗೆರೆಯ ಓದುಗರು

ಉತ್ತರ: ಇಲ್ಲ. ಮೊದಲು ಅದು ಕೆರೆ, ತೋಟ, ಶಿವಾಲಯ ಇದ್ದ ಒಂದು ಹಳ್ಳಿ. ಸೋಮೇಶ್ವರ ದೇವಸ್ಥಾನದ ಮೂಲ ಚೋಳರ ಕಾಲದ್ದು ಎನ್ನುತ್ತಾರೆ. ಇಂದು ಕಾಣುವ ಕಂಬಗಳ ಮಂಟಪ ಮತ್ತು ಗೋಪುರ ವಿಜಯನಗರದ ಶೈಲಿಯವು. ಅವುಗಳ ಜೊತೆ ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ಮನೆತನದ ಹೆಸರು ಸೇರಿಕೊಂಡಿದೆ.

ಚಿತ್ರ ಬದಲಾದದ್ದು ದಂಡು, ಅಂದರೆ ಬ್ರಿಟಿಷರ ಸೇನಾ ನೆಲೆ (ಕಂಟೋನ್ಮೆಂಟ್), ಬಂದ ಮೇಲೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರಕ್ಕೆ ಸಿಪಾಯಿಗಳು ತತ್ತರಿಸಿದ್ದರಿಂದ ತಂಪು ಹವೆಯ ಬೆಂಗಳೂರನ್ನು ಆರಿಸಿಕೊಂಡರು. 1809ರಲ್ಲಿ ಹಲಸೂರಿನ ಮಗ್ಗುಲಲ್ಲೇ ದಂಡು ಪ್ರದೇಶ ರೂಪುಗೊಂಡಿತು. ಸೈನ್ಯ ಬಂದರೆ ಸಿಪಾಯಿಗಳಷ್ಟೇ ಬರುವುದಿಲ್ಲ. ಗಾಡಿ, ಎತ್ತು, ದವಸ, ಮಾಂಸ, ಬಟ್ಟೆ ಒಗೆಯುವವರು, ಹೊಲಿಯುವವರು, ಗಾರೆ ಕೆಲಸದವರು, ಅಡುಗೆಯವರು ಎಲ್ಲರೂ ಬೇಕು. ಅದು ಮದ್ರಾಸ್ ಪ್ರೆಸಿಡೆನ್ಸಿಯ ಸೈನ್ಯವಾದ್ದರಿಂದ ಈ ಜನರೂ ಹೆಚ್ಚಾಗಿ ತಮಿಳು, ತೆಲುಗು ಸೀಮೆಯಿಂದಲೇ ಬಂದು ನೆಲೆಯಾದರು. ಇವರಲ್ಲಿ ಕೆಲವರು ದೊಡ್ಡ ಕಂಟ್ರಾಕ್ಟರುಗಳಾದರು. ಇವತ್ತು ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಅವರು 1873ರಲ್ಲಿ ಶುರುಮಾಡಿದ ಶಾಲೆಯೇ ಬೆಳೆದು ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳಾದವು. ಕೆರೆಯ ಹತ್ತಿರದ ಆ ಹೆಸರಿನ ಮೈದಾನವನ್ನು ನೀವು ನೋಡಿರಬಹುದು.

ಇನ್ನೊಂದು ಕಾರಣ ಆಡಳಿತದ್ದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಇದೇ ದೊಡ್ಡದು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಹಳೆಯ ಊರಾದ ಪೇಟೆಗೆ ಒಂದು ಪುರಸಭೆ, ದಂಡಿಗೆ ಇನ್ನೊಂದು. ದಂಡು ಮೈಸೂರಿಗೆ ವಾಪಸ್ಸಾದದ್ದು 1947ರ ಜುಲೈನಲ್ಲಿ. ಎರಡೂ ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಇಷ್ಟು ಕಾಲ ಬೇರೆ ಕಾನೂನು, ಬೇರೆ ಶಾಲೆ, ಬೇರೆ ವ್ಯಾಪಾರ ಇದ್ದ ಮೇಲೆ ಮಾತಿನ ಧಾಟಿ ಬೇರೆಯಾಗದೆ ಇರುತ್ತದೆಯೇ? ಹಲಸೂರಿನ ತಮಿಳರನ್ನು ನಿನ್ನೆ ಮೊನ್ನೆ ಬಂದವರೆಂದು ಎಣಿಸುವುದು ತಪ್ಪು. ಅಲ್ಲಿನ ಎಷ್ಟೋ ಮನೆತನಗಳು ತಲೆಮಾರುಗಳಿಂದ ಬೆಂಗಳೂರಿನವೇ. ಕೆರೆಯ ಬಳಿಯ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಅನಾವರಣವಾದದ್ದು 2009ರ ಆಗಸ್ಟ್‌ನಲ್ಲಿ. ಅದೇ ವಾರ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ನಿಂತಿತು.

ಪ್ರಶ್ನೆ: ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಇಲ್ಲವಲ್ಲ, ಏಕೆ?
– ತುಮಕೂರಿನ ಓದುಗರು

ಉತ್ತರ: ಹಳೆಯ ಪೇಟೆಯ ಕೋಟೆಗೋಡೆಗೆ ಪೂರ್ವದಲ್ಲಿದ್ದ ಬಾಗಿಲು ಅದು, ಹಲಸೂರಿನ ಕಡೆಗೆ ಹೋಗುವ ದಾರಿಯದು. ಬಾಗಿಲು ಹೋಯಿತು, ಹೆಸರು ಉಳಿಯಿತು. ಠಾಣೆ ಇರುವುದು ಕಾರ್ಪೊರೇಷನ್ ಹತ್ತಿರ. ಆಟೋದವರಿಗೆ ಬರೀ ‘ಹಲಸೂರು ಸ್ಟೇಷನ್’ ಎಂದರೆ ಮೆಟ್ರೊ ನಿಲ್ದಾಣವೋ ಪೊಲೀಸ್ ಠಾಣೆಯೋ ಎಂಬ ಗೊಂದಲ ಆಗುತ್ತದೆ. ಪೂರ್ತಿ ಹೆಸರು ಹೇಳಿ.

ಪ್ರಶ್ನೆ: ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಓದಿದ್ದೆ. ಯಾರಾದರೂ ವಿಷ ಹಾಕುತ್ತಾರೆಯೇ?
– ಬೆಂಗಳೂರಿನ ಓದುಗರು

ಉತ್ತರ: 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ದವು. ಹೀಗಾಗಲು ವಿಷವೇ ಬೇಕಿಲ್ಲ, ಉಸಿರು ಕಟ್ಟಿದರೆ ಸಾಕು. ಸುಮಾರು 120 ಎಕರೆಯ ಈ ಕೆರೆಗೆ ಮಳೆನೀರು ತರಬೇಕಾದ ರಾಜಕಾಲುವೆಗಳು ಜಯಮಹಲ್, ದೊಡ್ಡಿಗುಂಟ ಮುಂತಾದ ಕಡೆಗಳಿಂದ ಚರಂಡಿ ನೀರನ್ನೂ ಹೊತ್ತು ತರುತ್ತವೆ. ಅದರಲ್ಲಿನ ಸಾರಜನಕ, ರಂಜಕ ತಿಂದು ಪಾಚಿ ಕೊಬ್ಬುತ್ತದೆ. ಹಗಲು ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ತಳದ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳೂ ಹೀರುತ್ತವೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ. ಲೀಟರಿಗೆ 4 ಮಿಲಿಗ್ರಾಂಗಿಂತ ಇಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟ ಶುರುವಾಗುತ್ತದೆ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಆಮ್ಲಜನಕ ಕರಗುವುದು ಕಡಿಮೆ. ಅದೇ ಹೊತ್ತಿಗೆ ಒಂದು ಜೋರು ಮಳೆ ಬಂದು, ಕಾಲುವೆಯಲ್ಲಿ ಕೂತಿದ್ದ ಕೊಳೆಯನ್ನೆಲ್ಲ ಒಮ್ಮೆಲೇ ಕೆರೆಗೆ ನೂಕಿತೆಂದರೆ ಮೀನು ಉಳಿಯುವುದಿಲ್ಲ.

ಬೆಳಿಗ್ಗೆ ಆರರ ಹೊತ್ತಿಗೆ ಹೋದವರು ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಕಚ್ಚುತ್ತಿರುವುದನ್ನು ಕಂಡರೆ ಅದು ಎಚ್ಚರಿಕೆ. ಆಗಲೇ ಪಾಲಿಕೆಗೆ ತಿಳಿಸಿ, ಸಮಯ ಮತ್ತು ಜಾಗ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಮಧ್ಯಾಹ್ನ ಅಳೆದರೆ ಆಮ್ಲಜನಕ ಸರಿಯಾಗಿಯೇ ಕಾಣಬಹುದು, ದೂರು ಬಿದ್ದುಹೋಗಬಹುದು. ಹೂಳೆತ್ತುವುದು, ಕಾರಂಜಿ ಹಾಕುವುದು ಬೇಡವೆಂದಲ್ಲ. ಆದರೆ ಒಳಚರಂಡಿಯ ನೀರು ರಾಜಕಾಲುವೆ ಸೇರುವುದು ನಿಲ್ಲದೆ ಎತ್ತಿದ ಹೂಳು ಮತ್ತೆ ತುಂಬುತ್ತದೆ. ಕಳೆ ಕಿತ್ತರೂ ದಡದಲ್ಲೇ ರಾಶಿ ಹಾಕಿದರೆ ಮಳೆಗೆ ಕೊಳೆತು ಸತ್ವವೆಲ್ಲ ಮರಳಿ ನೀರಿಗೇ ಇಳಿಯುತ್ತದೆ.

ಗಣೇಶನ ವಿಸರ್ಜನೆಗೂ ಇದೇ ಕಾಳಜಿ ಇರಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುಲಭಕ್ಕೆ ಕರಗದು, ಬಣ್ಣ ನೀರಿಗೆ ಬಿಡುತ್ತದೆ. ಬಣ್ಣವಿಲ್ಲದ ಜೇಡಿಮಣ್ಣಿನ ಮೂರ್ತಿ ತನ್ನಿ. ಹಾರ, ಪತ್ರೆ, ವಸ್ತ್ರ, ಥರ್ಮೊಕೋಲು ಎಲ್ಲ ತೆಗೆದು, ಕೆರೆಯ ಪಕ್ಕದ ಕಲ್ಯಾಣಿಯಲ್ಲೇ ಬಿಡಿ.

ಪ್ರಶ್ನೆ: ಅರ್ಧ ದಿನದಲ್ಲಿ ಹಲಸೂರು ನೋಡುವುದು ಹೇಗೆ? ಕೆರೆಯನ್ನು ಪೂರ್ತಿ ಸುತ್ತಬಹುದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಪೂರ್ತಿ ಸುತ್ತಲಾಗದು. ದಡದ ಒಂದು ಭಾಗ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೈನ್ಯದ್ದು. ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲಿ ಹಲಸೂರಿನದೂ ಆ ಸೈನ್ಯದ ಜಾಗದೊಳಗೇ ಇದೆ, ಅನುಮತಿಯಿಲ್ಲದೆ ನೋಡಲಾಗದು. ಬೇಲಿಯ ಹತ್ತಿರ ಕ್ಯಾಮೆರಾ ಹಿಡಿಯಬೇಡಿ.

ನೇರಳೆ ಮಾರ್ಗದ ಹಲಸೂರು ನಿಲ್ದಾಣದಲ್ಲಿ ಬೆಳಿಗ್ಗೆ ಏಳಕ್ಕೆ ಇಳಿಯಿರಿ. ದೇವಸ್ಥಾನ ಮೊದಲು, ಏಕೆಂದರೆ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಮಂಟಪದಲ್ಲಿ ಅವಸರ ಬೇಡ, ಕೈಲಾಸ ಎತ್ತುತ್ತಿರುವ ರಾವಣ, ಮಹಿಷನನ್ನು ಕೊಲ್ಲುತ್ತಿರುವ ದುರ್ಗೆ, ಗಿರಿಜಾ ಕಲ್ಯಾಣದ ಕೆತ್ತನೆಗಳನ್ನು ಹುಡುಕಿ ನೋಡಿ. ಎದುರಿನ ಕಲ್ಯಾಣಿ ಬಹಳ ಕಾಲ ಮಣ್ಣಡಿ ಮುಚ್ಚಿತ್ತು, 2010ರಲ್ಲಿ ಅಗೆದಾಗ ಮೆಟ್ಟಿಲುಗಳು ಹೊರಬಂದವು. ಅಲ್ಲಿಂದ ಬಜಾರ್ ಬೀದಿ ಹಾದು ಕೆರೆಯ ಕಡೆಗೆ ಹೋಗಿ. ಬೀದಿ ಇಕ್ಕಟ್ಟು, ಕಾರು ತರಬೇಡಿ. ಕೊನೆಗೆ ಗುರುದ್ವಾರ. ಚಪ್ಪಲಿ ಕಳಚಿ, ಕೈಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ. ಯಾರು ಬಂದರೂ ಲಂಗರ್‌ನಲ್ಲಿ ಊಟಕ್ಕೆ ಕೂರಬಹುದು, ತಟ್ಟೆಯಲ್ಲಿ ಬಿಡದಷ್ಟು ಮಾತ್ರ ಹಾಕಿಸಿಕೊಳ್ಳಿ.

ದಿನ ನಿಮ್ಮ ಕೈಲಿದ್ದರೆ ಚೈತ್ರ ಹುಣ್ಣಿಮೆಗೆ ಬನ್ನಿ. ಸುತ್ತಲಿನ ದೇವಸ್ಥಾನಗಳಿಂದ ಹೂವಿನ ಪಲ್ಲಕ್ಕಿಗಳು ರಾತ್ರಿಯಿಡೀ ಬೀದಿಗಿಳಿಯುತ್ತವೆ. ಪೇಟೆಯಲ್ಲಿ ಕರಗವೂ ಅದೇ ರಾತ್ರಿ ಇರುವುದರಿಂದ ಎರಡನ್ನೂ ನೋಡುವ ಆಸೆ ಬಿಟ್ಟು ಒಂದನ್ನೇ ಆರಿಸಿಕೊಳ್ಳಿ.